ನಿಧಾನವಾಗಿ ನೋಡಿದ ಹಳೇಬೀಡು



ಶತಮಾನೋತ್ಸವದ ಈ ಸಂಜೆ ಪ್ರವಾಸದ ಕುರಿತು ನಾಲ್ಕು ಮಾತನಾಡಬೇಕೆಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ದೂರದೇಶದ ಮಾತು ಬೇಡ. ಹಾಸನ ಜಿಲ್ಲೆಯಲ್ಲಿ ಕಳೆದ ಒಂದು ದಿನವನ್ನು ನಿಮ್ಮ ಮುಂದಿಡುತ್ತೇವೆ.

ಸೆಮಿನರಿಯಲ್ಲಿ ಒಟ್ಟಿಗೆ ಓದಿದ ನಾವು ನಾಲ್ವರು ಬೇಲೂರು, ಹಳೇಬೀಡುಗಳನ್ನು ಕೂಡಿ ನೋಡಬೇಕೆಂದು ಮೂವತ್ತು ವರ್ಷಗಳಿಂದ ಅಂದುಕೊಳ್ಳುತ್ತಿದ್ದೆವು. ಇಂದು ಮದುವೆ, ನಾಳೆ ಹಬ್ಬ ಎಂದು ಮುಂದೂಡುತ್ತಲೇ ಬಂದೆವು. ಕೊನೆಗೆ ಹೊರಟಾಗ ನಮ್ಮಲ್ಲೊಬ್ಬರ ದೃಷ್ಟಿ ಬಹುಪಾಲು ಮಂದವಾಗಿತ್ತು.

ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆಯೊಳಗೆ ಶ್ರವಣಬೆಳಗೊಳ: ಇದು ನಾವು ಹಾಕಿಕೊಂಡಿದ್ದ ಲೆಕ್ಕ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯನ್ನು ಒಂದೇ ಗಂಟೆಯಲ್ಲಿ ಸುತ್ತಿ ಮುಗಿಸಿದೆವು. ಎತ್ತರದಲ್ಲಿರುವ ಮದನಿಕೆಯರತ್ತ ಮುಖವೆತ್ತಿದ ಆ ಮಿತ್ರರು, "ನನಗೆ ಬರಿಯ ನೆರಳು ಕಾಣುತ್ತಿದೆ" ಎಂದರು. ನಾವು ಕೇಳಿಯೂ ಕೇಳದವರಂತೆ ಗಡಿಯಾರ ನೋಡಿಕೊಂಡೆವು. ಆ ತಪ್ಪನ್ನು ಇಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇವೆ.

ಅಲ್ಲಿಂದ 16 ಕಿಲೋಮೀಟರಿನ ಹಾದಿ ಹಳೇಬೀಡಿಗೆ. ಹೊಯ್ಸಳೇಶ್ವರ ದೇವಾಲಯದ ಜಗತಿಯ ಮೇಲೆ ಮಿತ್ರರು ಕುಳಿತುಬಿಟ್ಟರು. "ನೀವು ನೋಡಿ ಹೇಳಿ, ನಾನು ಕೇಳುತ್ತೇನೆ" ಎಂದರು. ಶಿಲ್ಪಗಳನ್ನು ಮುಟ್ಟುವಂತಿಲ್ಲ, ಆದುದರಿಂದ ನಮ್ಮ ಮಾತೇ ಅವರಿಗೆ ಕಣ್ಣಾಗಬೇಕಾಯಿತು. ಗೋಡೆಯ ಬುಡದಿಂದ ಆರಂಭಿಸಿದೆವು: ಎಲ್ಲಕ್ಕೂ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿಯ ಸುರುಳಿ, ಕುದುರೆ ಸವಾರರು, ಮತ್ತೂ ಮೇಲೆ ರಾಮಾಯಣ ಮಹಾಭಾರತಗಳ ಕಥೆ, ಮಕರ, ಹಂಸ.

"ಆನೆಯ ಸೊಂಡಿಲು ಹೇಗಿದೆ?" ಎಂದು ಅವರು ಕೇಳಿದರು. ಬಗ್ಗಿ ನೋಡಿದರೆ ಒಂದರ ಸೊಂಡಿಲಿನಂತೆ ಪಕ್ಕದ್ದು ಇರಲಿಲ್ಲ! ಅಗೆದಾಗ ಮೃದುವಾಗಿದ್ದು ಗಾಳಿಗೆ ಗಡಸಾಗುವ ಬಳಪದ ಕಲ್ಲಿನಲ್ಲಿ ಬೆರಳಿನುಗುರು, ಸರದ ಮಣಿ ಎಲ್ಲವೂ ಬಿಡಿಬಿಡಿಯಾಗಿ ಕಂಡವು. ಕೆಲವು ವಿಗ್ರಹಗಳ ಕೆಳಗೆ ಕೆತ್ತಿದವರ ಹೆಸರುಗಳಿದ್ದವು. ಅವರಿಗೆ ಹೇಳಬೇಕಾಗಿ ಬಂದುದರಿಂದಲೇ ನಾವು ನೋಡಿದೆವು.

2023ರಲ್ಲಿ ಯುನೆಸ್ಕೋ ಈ ಎರಡು ಗುಡಿಗಳನ್ನು ಸೋಮನಾಥಪುರದ ಗುಡಿಯೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದೇಕೆಂಬುದು ನಮಗೆ ಆ ಮಧ್ಯಾಹ್ನ ಮನವರಿಕೆಯಾಯಿತು.

ಹೊತ್ತು ಇಳಿಯಿತು; ಇನ್ನೂ ಒಂದು ಪಕ್ಕದ ಗೋಡೆ ಉಳಿದೇ ಇತ್ತು. ಗೊಮ್ಮಟನ ದರ್ಶನ ತಪ್ಪಿತು. ಹಿಂದಿರುಗುವಾಗ ಮಿತ್ರರು, "ಇಂದು ನಾನು ಚೆನ್ನಾಗಿ ನೋಡಿದೆ" ಎಂದರು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಬಂಧುಗಳೇ, ಮನೆಯ ಹಿರಿಯರೊಡನೆ, ಹಳೆಯ ಗೆಳೆಯರೊಡನೆ ಹೋಗಬೇಕೆಂದಿರುವ ಊರೊಂದು ನಿಮಗೂ ಇದ್ದೀತು. ಈ ಉತ್ಸವದ ಗದ್ದಲ ಮುಗಿದೊಡನೆ ಹೊರಡಿರಿ. ಹತ್ತು ಸ್ಥಳ ಬೇಡ, ಒಂದೇ ಸಾಕು. ಆದರೆ ಜೊತೆಗಿರುವವರ ಹೆಜ್ಜೆಗೆ ನಿಮ್ಮ ಹೆಜ್ಜೆ ಹೊಂದಲಿ. ನಾವು ಮೂವತ್ತು ವರ್ಷ ತಡಮಾಡಿದೆವು, ನೀವು ಮಾಡಬೇಡಿರಿ.