ಫಿನ್ಲಂಡಿನ ಕಾದಂಬರಿ ಮತ್ತು ನಮ್ಮ ಎರೆಯ ನಾಡು

ಫಿನ್ಲಂಡ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಹಿಮ, ಕಾಡು, ಎಣಿಸಲಾರದಷ್ಟು ಸರೋವರಗಳು. ಬೇಸಗೆಯಲ್ಲಿ ಕೊಡ ನೀರಿಗಾಗಿ ಹರದಾರಿ ನಡೆದ ಗದಗ, ಮುಂಡರಗಿಗಳ ಎರೆಸೀಮೆಗೂ ಆ ನಾಡಿಗೂ ಎತ್ತಣಿಂದೆತ್ತಣ ಸಂಬಂಧವೆಂದು ಕೇಳುಗರು ಕೇಳಬಹುದು. ಹವೆಯಲ್ಲಿ ಸಂಬಂಧವಿಲ್ಲ, ಬೆಳೆಯಲ್ಲಿಯೂ ಇಲ್ಲ. ಇರುವುದು ಭಾಷೆಯ ಪಾಡಿನಲ್ಲಿ.

ಫಿನ್ಲಂಡು ಶತಮಾನಗಟ್ಟಲೆ ಸ್ವೀಡನ್ನಿನ ಅರಸರ ಕೈಯಲ್ಲಿತ್ತು. 1809ರಲ್ಲಿ ಅದು ರಶಿಯದ ಚಕ್ರವರ್ತಿಯ ವಶವಾಯಿತು. ಅರಸರು ಬದಲಾದರೂ ಕಚೇರಿಯ ಭಾಷೆ ಸ್ವೀಡಿಷ್ ಆಗಿಯೇ ಉಳಿಯಿತು. ಶಾಲೆಯಲ್ಲಿ, ನ್ಯಾಯಾಲಯದಲ್ಲಿ, ದೊಡ್ಡವರ ಮನೆಯಲ್ಲಿ ಅದೇ. ಫಿನ್ನಿಷ್ ಹೊಲದ ಮಾತು, ಹಟ್ಟಿಯ ಮಾತು. ಅದಕ್ಕೂ ಕಚೇರಿಯಲ್ಲಿ ಸಮಾನ ಸ್ಥಾನ ಸಲ್ಲಬೇಕೆಂಬ ಆಜ್ಞೆ ಹೊರಟಿದ್ದು 1863ರಲ್ಲಿ.

ಇನ್ನು ನಮ್ಮ ಕಡೆಗೆ ನೋಡೋಣ. ಇಂದು ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು ಈ ಶತಮಾನಕ್ಕೆ ಹಿಂದಿನ ಶತಮಾನದ ಆದಿಯಲ್ಲಿ ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿ. ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿ. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ‘ಕವಿರಾಜಮಾರ್ಗ’ವು ಹೆಸರಿಸಿದ ನಾಲ್ಕು ನೆಲೆಗಳಲ್ಲಿ ಒಂದು. ಅಂಥ ಊರಿನ ರೈತನು ತನ್ನ ಹೊಲದ ತಕರಾರನ್ನು ಮರಾಠಿ ದಫ್ತರದ ಮುಂದೆ ಹೇಳಿಕೊಳ್ಳಬೇಕಾಗಿತ್ತು. ಫಿನ್ನಿಷ್ ರೈತನ ಸಂಕಟ ಲಕ್ಷ್ಮೇಶ್ವರದವನಿಗೆ ಬಿಡಿಸಿ ಹೇಳಬೇಕಾದುದಲ್ಲ.

ಸಂಕಟ ಒಂದೇ ಆದರೂ ಎರಡು ನಾಡುಗಳು ಕೊಟ್ಟ ಉತ್ತರ ಬೇರೆ ಬೇರೆ. ಫಿನ್ಲಂಡು ಕಾದಂಬರಿಯಿಂದ ಉತ್ತರ ಕೊಟ್ಟಿತು. 1870ರಲ್ಲಿ ಅಲೆಕ್ಸಿಸ್ ಕಿವಿ ಎಂಬಾತ ‘ಏಳು ಮಂದಿ ಸೋದರರು’ ಎಂಬ ಕೃತಿಯನ್ನು ಬರೆದ. ಅದೇ ಫಿನ್ನಿಷ್ ಭಾಷೆಯ ಮೊದಲ ದೊಡ್ಡ ಕಾದಂಬರಿ. (ಅವರ ಭಾಷೆಯಲ್ಲಿ ‘ಕಿವಿ’ ಎಂದರೆ ಕಲ್ಲು, ಕೇಳುಗರು ಬೇರೆ ಅರ್ಥ ಮಾಡಿಕೊಳ್ಳಬಾರದು.) ಅದರಲ್ಲಿ ಏಳು ಜನ ಒರಟು ಅಣ್ಣತಮ್ಮಂದಿರು ಅಕ್ಷರ ಕಲಿಯಲಾರದೆ ಊರು ಬಿಟ್ಟು ಕಾಡು ಸೇರುತ್ತಾರೆ. ಏಕೆಂದರೆ ಓದಲು ಬಾರದವನಿಗೆ ಅಲ್ಲಿಯ ಚರ್ಚು ದೀಕ್ಷೆ ಕೊಡುತ್ತಿರಲಿಲ್ಲ, ದೀಕ್ಷೆಯಿಲ್ಲದವನಿಗೆ ಮದುವೆಯೂ ಇರಲಿಲ್ಲ. ಈ ಕಟ್ಟಳೆಯ ಫಲವಾಗಿ ಕೂಲಿಯವನಿಗೂ ಅಚ್ಚಿನ ಅಕ್ಷರ ತಿಳಿಯುತ್ತಿತ್ತು. ಬರಹಗಾರ ಬರುವ ಮೊದಲೇ ಓದುಗ ಸಿದ್ಧನಾಗಿದ್ದ.

ನಮ್ಮಲ್ಲಿ 1911ರ ಜನಗಣತಿಯ ಹೊತ್ತಿಗೂ ಇಡೀ ಭಾರತದಲ್ಲಿ ನೂರಕ್ಕೆ ಆರು ಮಂದಿಗೂ ಓದುಬರಹ ಬರುತ್ತಿರಲಿಲ್ಲ. ಆದುದರಿಂದ ಗದಗು ಕೊಟ್ಟ ಉತ್ತರ ಕಿವಿಗೆ ಕೇಳುವಂಥದು, ಕಣ್ಣಿಗೆ ಕಾಣುವಂಥದು. ಸಾಂಗಲಿಯ ಕಡೆಯಿಂದ ಬಂದ ಮರಾಠಿ ನಾಟಕ ಮಂಡಳಿಗಳಿಗೆ ಇಲ್ಲಿಯ ಜನ ಮರುಳಾದುದನ್ನು ಕಂಡು ಶಾಂತಕವಿ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಗದಗಿನಲ್ಲಿಯೇ ಕನ್ನಡ ನಾಟಕ ಮಂಡಳಿ ಕಟ್ಟಿದರು. ಅತ್ತ ಹೆಲ್ಸಿಂಕಿಯ ಗೆಳೆಯರೂ ಫಿನ್ನಿಷ್ ನಾಟಕ ಮಂದಿರವನ್ನು ತೆರೆದದ್ದು ಅದೇ ದಶಕದಲ್ಲಿ, 1872ರಲ್ಲಿ. ಆದರೆ ಅವರಿಗೆ ನಾಟಕದ ಜೊತೆಗೆ ಪುಸ್ತಕವೂ ಇತ್ತು. ನಮ್ಮವರಿಗೆ ಪುಸ್ತಕ ಬರುವುದು ಇನ್ನೂ ಇಪ್ಪತ್ತು ವರ್ಷ ತಡ.

ಅದನ್ನು ತಂದವರು ಗಳಗನಾಥರು. 1898ರ ‘ಪ್ರಬುದ್ಧ ಪದ್ಮನಯನೆ’ಯಿಂದ ಮೊದಲುಗೊಂಡು ಅವರು ಬರೆದರು, ಅಚ್ಚು ಹಾಕಿಸಿದರು, ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಓದುಗನನ್ನು ಹುಟ್ಟಿಸುವ ಕೆಲಸ ಅಲ್ಲಿ ಚರ್ಚಿನದಾದರೆ ಇಲ್ಲಿ ಒಬ್ಬ ಶಾಲಾಮಾಸ್ತರರ ಪಾಲಿಗೆ ಬಂತು. ಅವರ ಕಥೆಗಳಲ್ಲಿ ಅರಸರಿದ್ದಾರೆ, ಸೇನಾಪತಿಗಳಿದ್ದಾರೆ, ವಿಜಯನಗರದ ಉದಯವೂ ಪತನವೂ ಇವೆ. ಪುಸ್ತಕ ಕೊಂಡ ಊರಿನ ಕಮತಗಾರ ಮಾತ್ರ ಇಲ್ಲ. ಇದನ್ನು ನಾನು ದೋಷವೆಂದು ಹೇಳುವುದಿಲ್ಲ. ತನ್ನ ಭಾಷೆಗೆ ಗೌರವವಿಲ್ಲದ ಕಾಲದಲ್ಲಿ ಮನುಷ್ಯ ಮೊದಲು ತನ್ನ ಹಿರಿಮೆಯ ಕಥೆಯನ್ನೇ ಕೇಳಬಯಸುತ್ತಾನೆ.

ಫಿನ್ಲಂಡಿನವರು ತಮ್ಮ ಹಿರಿಮೆಯ ಹಸಿವನ್ನು ‘ಕಾಲೇವಾಲ’ ಎಂಬ ಮಹಾಕಾವ್ಯದಿಂದ ಮೊದಲೇ ತೀರಿಸಿಕೊಂಡಿದ್ದರು. ಜಾನಪದ ಹಾಡುಗಳನ್ನು ಕೂಡಿಸಿ ಲೋನ್ರೋಟ್ ಎಂಬ ವೈದ್ಯ ಅದನ್ನು 1835ರಲ್ಲಿಯೂ ವಿಸ್ತರಿಸಿ 1849ರಲ್ಲಿಯೂ ಹೊರತಂದಿದ್ದ. ಆದ್ದರಿಂದ ಅವರ ಕಾದಂಬರಿಕಾರನಿಗೆ ನೇರವಾಗಿ ಗುಡಿಸಲಿಗೆ ಹೋಗುವ ಬಿಡುವು ದೊರೆಯಿತು. ಯುಹಾನಿ ಆಹೊ 1884ರಲ್ಲಿ ಬರೆದ ‘ರೈಲು’ ಎಂಬ ಸಣ್ಣ ಕಾದಂಬರಿಯಲ್ಲಿ ಮತ್ತಿ, ಲೀಸಾ ಎಂಬ ಹಳ್ಳಿಯ ಮುದಿ ದಂಪತಿಗಳು ಹೊಸದಾಗಿ ಬಂದ ರೈಲನ್ನು ನೋಡಲು ಹೊರಡುತ್ತಾರೆ, ಅಷ್ಟೇ ಕಥೆ. ಅದೇ ದಶಕದಲ್ಲಿ ಗದಗಿಗೂ ರೈಲು ಬಂತು, ಹತ್ತಿಯ ಅಂಡಿಗೆಗಳನ್ನು ಹೊತ್ತು ಹೋಯಿತು. ಮುಂಡರಗಿಯ ಕಡೆಯಿಂದ ಹತ್ತಿಯ ಗಾಡಿ ಹೊಡೆದುಕೊಂಡು ಬಂದು ಮೊದಲ ಸಲ ಅದರ ಸಿಳ್ಳು ಕೇಳಿದ ಮುದುಕರು ಇಲ್ಲಿಯೂ ಇದ್ದಿರಲೇಬೇಕು!

ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳೇ ಆ ಸಾಹಿತ್ಯದ ನಿಜವಾದ ಸುಗ್ಗಿ. ಆ ಕಾದಂಬರಿಗಳ ನಾಯಕನನ್ನು ಅವರು ‘ತೊರ್ಪ್ಪಾರಿ’ ಎನ್ನುತ್ತಾರೆ. ಧಣಿಯ ಭೂಮಿಯ ಒಂದು ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು, ಅದರ ಬಾಡಿಗೆಯನ್ನು ಧಣಿಯ ಹೊಲದಲ್ಲಿ ದಿನಗೆಲಸ ಮಾಡಿ ತೀರಿಸುವವನು. ಏಳು ಎಂದರೆ ಏಳಬೇಕು. ನಮ್ಮ ಲಾವಣಿಯ ರೈತ, ಕೋರಿನ ರೈತ ಇವರ ದಾಯಾದಿಯೆಂದು ತಿಳಿಯಿರಿ.

1909ರಲ್ಲಿ ಇಲ್ಮಾರಿ ಕಿಯಾಂತೊ ಬರೆದ ‘ಕೆಂಪು ಗೆರೆ’ ಇಂಥವನೊಬ್ಬನ ಕಥೆ. ಫಿನ್ಲಂಡಿನಲ್ಲಿ 1906ರಲ್ಲಿ ಗಂಡಸರಿಗೂ ಹೆಂಗಸರಿಗೂ ಸಮಾನವಾಗಿ ಮತದ ಹಕ್ಕು ಬಂತು. 1907ರ ಮೊದಲ ಚುನಾವಣೆಯಲ್ಲಿ 200 ಸ್ಥಾನಗಳಿಗೆ 19 ಜನ ಹೆಂಗಸರು ಆರಿಸಿಬಂದರು. ಲೋಕವೇ ಬೆರಗಾದ ಈ ಸಂಗತಿಯನ್ನು ಕಿಯಾಂತೊ ರಾಜಧಾನಿಯಿಂದ ನೋಡದೆ ಬಡಗಣ ಕಾಡಿನ ಒಂದು ಗುಡಿಸಲಿನಿಂದ ನೋಡುತ್ತಾನೆ. ಅಲ್ಲಿ ತೊಪಿ, ಅವನ ಹೆಂಡತಿ ರೀಕಾ, ಹಸಿದ ಮಕ್ಕಳು. ಭಾಷಣಕಾರರು ಬಂದು, ಚೀಟಿಯ ಮೇಲೆ ಕೆಂಪು ಗೆರೆ ಎಳೆದರೆ ಬಡತನ ತೊಲಗುತ್ತದೆ ಎನ್ನುತ್ತಾರೆ. ಪೆನ್ಸಿಲಿನ ಪರಿಚಯವಿಲ್ಲದ ಕೈಯಿಂದ ತೊಪಿ ಗೆರೆ ಎಳೆದು ಬರುತ್ತಾನೆ. ಗುಡಿಸಲಿನಲ್ಲಿ ಏನೂ ಬದಲಾಗುವುದಿಲ್ಲ. ಮಕ್ಕಳು ಬೇನೆ ಬಿದ್ದು ಸಾಯುತ್ತವೆ. ಚಳಿಗಾಲದ ನಿದ್ದೆಯಿಂದ ಎದ್ದ ಕರಡಿ ಹಸುವಿನ ಮೇಲೆ ಬೀಳುತ್ತದೆ. ಬಿಡಿಸಲು ಹೋದ ತೊಪಿಯೂ ಸಾಯುತ್ತಾನೆ. ಅವನ ಮೈಮೇಲೆ ಹರಿದ ರಕ್ತವೇ ಎರಡನೆಯ ಕೆಂಪು ಗೆರೆ. ಈ ಕೊನೆ ಸ್ವಲ್ಪ ಹೆಣೆದದ್ದೆಂದು ನನಗೆ ತೋರುತ್ತದೆ. ಆದರೆ ಗೆರೆ ಎಳೆಯುವ ಮುನ್ನ ಗಂಡಹೆಂಡಿರಿಗಿದ್ದ ಅಂಜಿಕೆ, ಆಸೆಗಳ ಚಿತ್ರದಲ್ಲಿ ಹುಸಿಯಿಲ್ಲ. ನಮ್ಮ ರೈತರಿಗೆ ಆ ದಿನ ಬಂದದ್ದು 1952ರಲ್ಲಿ. ನಮ್ಮವರು ಗೆರೆ ಎಳೆಯಲಿಲ್ಲ. ಎತ್ತಿನದೋ ಗುಡಿಸಲಿನದೋ ಗುರುತು ನೋಡಿ ಆ ಪೆಟ್ಟಿಗೆಗೆ ಚೀಟಿ ಹಾಕಿದರು.

ಮರಿಯಾ ಯೊತುನಿ ಎಂಬ ಲೇಖಕಿ ಹಳ್ಳಿಯ ಹೆಂಗಸರ ಬದುಕನ್ನು ಬರಿಯ ಮಾತುಕತೆಯಲ್ಲಿ ಹಿಡಿದಿಟ್ಟಳು. ಯೊಯೆಲ್ ಲೆಹ್ತೊನೆನ್ 1919–20ರಲ್ಲಿ ಹೊರತಂದ ‘ಪುತ್ಕಿನೊತ್ಕೊ’ ಒಂದೇ ಬೇಸಗೆಯ ದಿನದ ದೊಡ್ಡ ಕಾದಂಬರಿ. ಸೋಮಾರಿ ಗೇಣಿದಾರ, ಅವನ ಮಕ್ಕಳ ಹಿಂಡು, ಕಳ್ಳಭಟ್ಟಿ; ಭೂಮಿಯ ಧಣಿಯೋ ಒಬ್ಬ ಪುಸ್ತಕದ ವ್ಯಾಪಾರಿ. ಬಡವನನ್ನು ಕಂಡು ಅಳುವುದರ ಜೊತೆಗೆ ನಗಲೂ ಬಲ್ಲ ಕೃತಿ ಇದು.

ಇವರೆಲ್ಲರಿಗಿಂತ ಹೆಸರಾದವನು ಸಿಲ್ಲಂಪ್ಯಾ. ತಾನೇ ಬಡ ಗುಡಿಸಲಿನಲ್ಲಿ ಹುಟ್ಟಿ, ಹೆಲ್ಸಿಂಕಿಯ ವಿಶ್ವವಿದ್ಯಾಲಯ ಸೇರಿ, ಓದು ಪೂರೈಸದೆ ಊರಿಗೆ ಮರಳಿದವನು. 1939ರಲ್ಲಿ ನೊಬೆಲ್ ಬಹುಮಾನ ಪಡೆದವನು. 1918ರಲ್ಲಿ ಆ ನಾಡಿನಲ್ಲಿ ಕೆಂಪು ಪಕ್ಷಕ್ಕೂ ಬಿಳಿಯ ಪಕ್ಷಕ್ಕೂ ಅಂತರ್ಯುದ್ಧ ನಡೆದು ಬಿಳಿಯರು ಗೆದ್ದರು. ಮರುವರ್ಷವೇ, ಗಾಯದ ರಕ್ತ ಇನ್ನೂ ಆರದಿದ್ದಾಗ, ಸೋತವರ ಕಡೆಯ ಒಬ್ಬ ಮುದುಕನ ಬಾಳನ್ನು ಅವನು ‘ಸಾಧು ದಾರಿದ್ರ್ಯ’ ಎಂಬರ್ಥದ ಹೆಸರಿನ ಕಾದಂಬರಿಯಾಗಿಸಿದ. ಯುಹಾ ತೊಯ್ವೊಲ ಎಂಬ ಈ ತೊರ್ಪ್ಪಾರಿಯನ್ನು ಗುಂಡಿಟ್ಟು ಕೊಲ್ಲುತ್ತಾರೆಂಬುದನ್ನು ಆರಂಭದಲ್ಲಿಯೇ ತಿಳಿಸಿಬಿಡುತ್ತಾನೆ. ಇನ್ನು ಓದುಗನಿಗೆ ಉಳಿಯುವ ಕುತೂಹಲ ಒಂದೇ: ಇಂಥ ನಿರುಪದ್ರವಿಯನ್ನು ಗೋರಿಯ ಅಂಚಿಗೆ ತಂದು ನಿಲ್ಲಿಸಿದ್ದು ಯಾವುದು? ಬರಗಾಲ, ಅನಾಥ ಬಾಲ್ಯ, ಸಾಲ, ಮಕ್ಕಳ ಅಗಲಿಕೆ. ಯುಹಾನನ್ನು ವೀರನನ್ನಾಗಿ ಮಾಡುವುದಿಲ್ಲ. ಅವನು ಹೊಲಸು, ದಡ್ಡ, ಬಾಯಿಬಡುಕ. ಆದರೂ ಪುಸ್ತಕ ಮುಚ್ಚಿದ ಮೇಲೆ ಅವನನ್ನು ಕೊಂದದ್ದು ನ್ಯಾಯವೆನ್ನಲು ಯಾರಿಗೂ ನಾಲಗೆ ಏಳದು. ಗೆದ್ದವರ ನಡುವೆ ಕುಳಿತು ಇಷ್ಟನ್ನು ಬರೆಯುವುದು ಸಣ್ಣ ಎದೆಗಾರಿಕೆಯಲ್ಲ. ಗೇಣಿದಾರನು ತನ್ನ ತುಂಡು ಭೂಮಿಯನ್ನು ಕೊಳ್ಳಬಹುದೆಂಬ ಕಾಯಿದೆ ಅಲ್ಲಿ 1918ರಲ್ಲಿಯೇ ಆಗಿತ್ತು. ಯುಹಾನಂಥವರಿಗೆ ಅದು ತಡವಾಗಿ ಬಂತು.

ನಮ್ಮ ಉತ್ತರ ಕರ್ನಾಟಕದ ಹಳ್ಳಿ ತನ್ನ ಮಾತು, ತನ್ನ ಜಗಳ, ತನ್ನ ಬರಗಳೊಡನೆ ಕಾದಂಬರಿಯ ನಡುಮನೆಗೆ ಬಂದದ್ದು ರಾವಬಹಾದ್ದೂರರ ‘ಗ್ರಾಮಾಯಣ’ದಲ್ಲಿ, 1957ರಲ್ಲಿ. ಅಷ್ಟರಲ್ಲಿ ಮೀರಜ, ಸಾಂಗಲಿಗಳ ಆಡಳಿತ ಮುಗಿದಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿಗಳು 1956ರ ಏಕೀಕರಣದಲ್ಲಿ ಕನ್ನಡ ರಾಜ್ಯವನ್ನು ಸೇರಿದ್ದವು. ಸಿಲ್ಲಂಪ್ಯಾನ ಕಾದಂಬರಿ ಇಂಗ್ಲಿಷಿನಲ್ಲಿ ದೊರೆಯುತ್ತದೆ. ಅದನ್ನೂ ‘ಗ್ರಾಮಾಯಣ’ವನ್ನೂ ಒಂದರ ಬೆನ್ನಿಗೆ ಒಂದು ಓದಲು ವ್ಯವಧಾನವುಳ್ಳವರು ಮೊದಲು ಸಿಲ್ಲಂಪ್ಯಾನನ್ನೇ ಎತ್ತಿಕೊಳ್ಳಲಿ, ಅದು ಚಿಕ್ಕದು.