ಹಿಮದ ಹಾದಿಗೆ ಪಿಸ್ತೂಲು ಬೇಕೆ?

(ನಮ್ಮ ಮಾಗಿ ಚಾರಣ ಶಿಬಿರದ ಸಮಾರೋಪದಂದು, ಊರಿನವರೂ ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಿನ್ನೆ ರಾತ್ರಿ ಹೊಡಸಲಿನ ಸುತ್ತ ಚಳಿ ಕಾಯಿಸುತ್ತ ಕುಳಿತಿದ್ದಾಗ ಕಾಲೇಜು ತರುಣನೊಬ್ಬ ಕೇಳಿದ ಪ್ರಶ್ನೆಯೇ ಇಂದಿನ ನನ್ನ ಮಾತಿಗೆ ಕಾರಣ. ಅವನ ಅಣ್ಣ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ನೆಲೆಸಿ, ಅಲ್ಲಿಯ ಪೌರನೇ ಆಗಿದ್ದಾನೆ. ಚಳಿಗಾಲ ಬಂತೆಂದರೆ ಹಿಮ ತುಂಬಿದ ಬೆಟ್ಟಗಳಲ್ಲಿ ಚಾರಣ ಹೋಗುತ್ತಾನೆ. ಹೋಗುವಾಗ ಸೊಂಟದಲ್ಲಿ ಪಿಸ್ತೂಲು ಇರುತ್ತದೆ. “ಅಲ್ಲಿ ಅದು ಸಾಮಾನ್ಯ ಸಂಗತಿ. ಆನೆ, ಕಾಟಿ, ಕರಡಿಗಳಿರುವ ನಮ್ಮ ಕಾಡಿಗೆ ನಾವು ಬರಿಗೈಯಲ್ಲಿ ಹೋಗುವುದು ಸರಿಯೆ ಸಾರ್?” ಎಂದು ಅವನು ಕೇಳಿದ. ಕೆಲವರು ನಕ್ಕರು. ನಾನು ನಗಲಿಲ್ಲ. ಪ್ರಾಣಭಯದಿಂದ ಹುಟ್ಟಿದ ಪ್ರಶ್ನೆಗೆ ನಗು ಉತ್ತರವಾಗಲಾರದು. ಪರಿಸರದ ಮಾತನಾಡುವ ನಾವು ‘ಪ್ರಾಣಿಗಳು ಸಾಧು, ಏನೂ ಮಾಡುವುದಿಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವುದೂ ಪ್ರಾಮಾಣಿಕತೆಯಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ಅದು ಹುಟ್ಟಿದ ನೆಲದಲ್ಲಿಯೇ ಇಟ್ಟು ಮೊದಲು ಪರಿಶೀಲಿಸೋಣ.

ಕಾನೂನು ಕೊಟ್ಟ ಅವಕಾಶ

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಬಹುಕಾಲ ಬಂದೂಕನ್ನು ಸಿದ್ಧಸ್ಥಿತಿಯಲ್ಲಿ ಧರಿಸಿ ತಿರುಗುವಂತಿರಲಿಲ್ಲ. ತೋಟೆ ತೆಗೆದು, ಕಟ್ಟಿ ಇಡಬೇಕಾಗಿತ್ತು. 2009ರಲ್ಲಿ ಅಂಗೀಕಾರವಾದ ಕಾನೂನು 2010ರ ಫೆಬ್ರುವರಿ 22ರಿಂದ ಜಾರಿಗೆ ಬಂದ ಮೇಲೆ, ಆಯಾ ರಾಜ್ಯದ ಕಾಯಿದೆ ಒಪ್ಪುವ ಪಕ್ಷದಲ್ಲಿ ಜನರು ಅಲ್ಲಿ ಬಂದೂಕು ಇಟ್ಟುಕೊಳ್ಳಬಹುದಾಯಿತು. ಇಟ್ಟುಕೊಳ್ಳಲು ಅನುಮತಿ ದೊರೆಯಿತೆಂದರೆ ಹಾರಿಸಲು ಅನುಮತಿ ದೊರೆಯಿತೆಂದಲ್ಲ. ಹೆಚ್ಚಿನ ಉದ್ಯಾನಗಳಲ್ಲಿ ಗುಂಡು ಹಾರಿಸುವುದು ಇಂದಿಗೂ ನಿಷಿದ್ಧವೇ. ಅಲ್ಲಿಂದ ಮುಂದೆ ‘ಒಯ್ಯಬಹುದೆ?’ ಎಂಬ ಪ್ರಶ್ನೆ ಹಿಂದೆ ಸರಿದು, ‘ಒಯ್ಯುವುದರಲ್ಲಿ ಅರ್ಥವಿದೆಯೆ?’ ಎಂಬ ಪ್ರಶ್ನೆ ಮುಂದೆ ಬಂತು. ನಮಗೆ ಬೇಕಾದುದೂ ಎರಡನೆಯದೇ.

ಚಳಿಗಾಲದಲ್ಲಿ ಎದುರಾಗುವವರು ಯಾರು?

ಪಿಸ್ತೂಲಿನ ಪರವಾಗಿ ಮೊದಲು ಕೇಳಿಬರುವ ಹೆಸರು ಕರಡಿಯದು. ಆದರೆ ಕೊಲರಾಡೊದಲ್ಲಿ ಇಂದು ನೆಲೆಸಿರುವುದು ಕಪ್ಪು ಕರಡಿ ಮಾತ್ರ. ಅದು ಸುಮಾರು ನವೆಂಬರಿನಿಂದ ಮಾರ್ಚ್-ಏಪ್ರಿಲ್‌ವರೆಗೆ ಗವಿ ಸೇರಿ ನಿದ್ರಿಸುತ್ತದೆ. ಹಿಮದ ಮೇಲಿನ ಚಾರಣದ ಕಾಲವೂ ಅದೇ ತಾನೆ! ನಿದ್ದೆಯಲ್ಲಿರುವ ಕರಡಿ ಏಳುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2021ರ ಫೆಬ್ರುವರಿಯಲ್ಲಿ ಅಲಾಸ್ಕದ ಹೇನ್ಸ್ ಊರಿನ ಬಳಿ ಸ್ಕೀ ಚಾರಣಕ್ಕೆ ಹೋದ ಒಬ್ಬನು ಅರಿಯದೆ ಗವಿಯ ಸಮೀಪಕ್ಕೆ ಹೋಗಿ, ಕರಡಿಯಿಂದ ತೀವ್ರವಾಗಿ ಗಾಯಗೊಂಡ. ಇಂಥ ದಾಳಿ ಕ್ಷಣಾರ್ಧದಲ್ಲಿ ನಡೆದುಹೋಗುತ್ತದೆ. ಅವನು ಉಳಿದದ್ದು ಜೊತೆಗಾರರು ನೆರವು ಕರೆದು, ಕರಾವಳಿ ರಕ್ಷಣಾ ಪಡೆಯ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋದದ್ದರಿಂದ.

ಎರಡನೆಯದು ಪ್ಯೂಮಾ, ಎಂದರೆ ಅಲ್ಲಿಯವರು ಬೆಟ್ಟದ ಸಿಂಹ ಎನ್ನುವ ದೊಡ್ಡ ಬೆಕ್ಕು. ಅದಕ್ಕೆ ಚಳಿಗಾಲದ ನಿದ್ದೆಯಿಲ್ಲ. ಆದರೆ ನೂರು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಇಡೀ ಉತ್ತರ ಅಮೆರಿಕ ಖಂಡದಲ್ಲಿ ಅದರಿಂದ ಸತ್ತವರ ಸಂಖ್ಯೆ ಸುಮಾರು ಮೂವತ್ತು.

ಹಿಮದ ನಾಡಿನಲ್ಲಿ ನಿಜವಾಗಿ ಹಾದಿಗೆ ಅಡ್ಡ ನಿಲ್ಲುವ ಪ್ರಾಣಿ ಮೂಸ್. ಜಿಂಕೆಯ ಕುಲದಲ್ಲೆಲ್ಲ ಅತಿ ದೊಡ್ಡದು. ನೂರಾರು ಕಿಲೋ ತೂಗುತ್ತದೆ. ಆಳವಾದ ಹಿಮದಲ್ಲಿ ಕಾಲು ಹೂತು ದಣಿದ ಮೂಸ್, ಮನುಷ್ಯರು ತುಳಿದು ಗಟ್ಟಿ ಮಾಡಿದ ಹಾದಿಗೆ ಬರುತ್ತದೆ. ಬಂದ ಮೇಲೆ ಬಿಟ್ಟುಕೊಡಲು ಒಪ್ಪುವುದಿಲ್ಲ. ಅಲಾಸ್ಕದಲ್ಲಿ ಇಡಿಟರಾಡ್ ಎಂಬ, ಸುಮಾರು 1,600 ಕಿಲೋಮೀಟರ್ ದೂರದ ನಾಯಿಬಂಡಿಯ ಪಂದ್ಯವೊಂದಿದೆ. ನಮ್ಮ ಪ್ರಶ್ನೆಗೆ ಬೇಕಾದ ಮೂರು ಸಾಕ್ಷ್ಯಗಳನ್ನು ಆ ಹಾದಿಯೇ ಒದಗಿಸುತ್ತದೆ.

1985ರಲ್ಲಿ ಪ್ರಸಿದ್ಧ ಸ್ಪರ್ಧಿ ಸೂಸನ್ ಬುಚರ್ ಅವರ ನಾಯಿಗಳ ಮೇಲೆ ಮೂಸ್ ಎರಗಿತು. ಅವರ ಬಳಿ ಬಂದೂಕು ಇರಲಿಲ್ಲ. ಎರಡು ನಾಯಿಗಳು ಸತ್ತವು, ಅನೇಕವು ಗಾಯಗೊಂಡವು. ಹಿಂದಿನಿಂದ ಬಂದ ಇನ್ನೊಬ್ಬ ಸ್ಪರ್ಧಿ ಮೂಸನ್ನು ಕೊಂದ. ಬುಚರ್ ಪಂದ್ಯದಿಂದ ಹೊರಗುಳಿಯಬೇಕಾಯಿತು. 2022ರ ಫೆಬ್ರುವರಿಯಲ್ಲಿ ಅದೇ ಪಂದ್ಯಕ್ಕೆ ತರಬೇತಿ ನಡೆಸುತ್ತಿದ್ದ ಮಹಿಳೆಯೊಬ್ಬರ ಬಳಿ ಪಿಸ್ತೂಲು ಇತ್ತು. ಅದರಲ್ಲಿದ್ದ ಗುಂಡುಗಳನ್ನೆಲ್ಲ ಅವರು ಮೂಸ್ ಮೇಲೆ ಹಾರಿಸಿದರೂ ಅದು ಬೀಳಲಿಲ್ಲ. ಸುಮಾರು ಒಂದು ಗಂಟೆ ಕಾಲ ಅಲ್ಲಿಯೇ ನಿಂತು ನಾಯಿಗಳನ್ನು ತುಳಿಯಿತು. ಕೊನೆಗೆ ಪರಿಚಿತರೊಬ್ಬರು ರೈಫಲ್ ತಂದು ಹೊಡೆಯಬೇಕಾಯಿತು. 2024ರ ಮಾರ್ಚಿನಲ್ಲಿ ಡ್ಯಾಲಸ್ ಸೀವಿ ಎಂಬ ಸ್ಪರ್ಧಿ, ತನ್ನ ನಾಯಿಗಳ ಮೇಲೆರಗಿದ ಮೂಸನ್ನು ಪಿಸ್ತೂಲಿನಿಂದ ಕೊಂದ. ಕೊಂದ ಪ್ರಾಣಿಯ ಕರುಳು ತೆಗೆದು ಮಾಂಸ ಕೆಡದಂತೆ ನೋಡಿಕೊಳ್ಳಬೇಕೆಂಬುದು ಪಂದ್ಯದ ನಿಯಮ. ಅದನ್ನು ಸರಿಯಾಗಿ ಪಾಲಿಸಲಿಲ್ಲವೆಂದು ಅವನಿಗೆ ಎರಡು ಗಂಟೆಗಳ ದಂಡ ಬಿತ್ತು. ಆದರೂ ಪಂದ್ಯ ಗೆದ್ದವನು ಅವನೇ.

ಈ ಮೂರನ್ನೂ ಒಟ್ಟಿಗೆ ನೋಡಬೇಕು. ಪಿಸ್ತೂಲು ಎಂದೂ ಉಪಯೋಗಕ್ಕೆ ಬರುವುದಿಲ್ಲ ಎಂಬ ಮಾತು ಸುಳ್ಳು. ಇದ್ದರೆ ಸಾಕು, ಉಳಿದೆವು ಎಂಬ ಮಾತೂ ಸುಳ್ಳು. ಮೂವರೂ ತಪ್ಪಿಸಿಕೊಂಡು ಓಡಲಾರದ, ಹಗ್ಗಕ್ಕೆ ಕಟ್ಟಿದ ನಾಯಿಗಳನ್ನು ಕಾಯಬೇಕಾದವರು ಎಂಬುದನ್ನೂ ಮರೆಯಬಾರದು. ಸುಮ್ಮನೆ ವಿಹಾರಕ್ಕೆ ಹೋದ ಚಾರಣಿಗನು ಹಿಂದೆ ಸರಿಯಬಹುದು, ಮರದ ಮರೆಗೆ ಹೋಗಬಹುದು, ಅಂದಿನ ನಡಿಗೆಯನ್ನೇ ಬಿಟ್ಟು ಮರಳಬಹುದು.

ಚಳಿಗೆ ಲೋಹವೂ ಸೆಡೆಯುತ್ತದೆ

ಇನ್ನು ಆಯುಧದ ಸ್ಥಿತಿಯನ್ನು ನೋಡೋಣ. ಸೊನ್ನೆಗಿಂತ ಬಹಳ ಕೆಳಗಿನ ಉಷ್ಣಾಂಶದಲ್ಲಿ ಪಿಸ್ತೂಲಿನೊಳಗಿನ ಎಣ್ಣೆ ಮಂದವಾಗಿ ಚಲಿಸುವ ಭಾಗಗಳು ನಿಧಾನಿಸುತ್ತವೆ. ಬೆಚ್ಚನೆಯ ಕೋಣೆಗೆ ತಂದಾಗ ಲೋಹದ ಮೇಲೆ ನೀರು ಕಟ್ಟುತ್ತದೆ. ಮತ್ತೆ ಹೊರಗೆ ಒಯ್ದರೆ ಅದೇ ನೀರು ಒಳಗಡೆ ಹೆಪ್ಪುಗಟ್ಟುತ್ತದೆ. ಬಿದ್ದು ಎದ್ದಾಗ ನಳಿಗೆಯ ಬಾಯಿಗೆ ಹಿಮ ತುಂಬಬಹುದು. ಅದನ್ನು ಗಮನಿಸದೆ ಹಾರಿಸಿದರೆ ನಳಿಗೆಯೇ ಸಿಡಿಯುವ ಅಪಾಯವಿದೆ. ಅದೂ ಅಲ್ಲದೆ ಪಿಸ್ತೂಲು ಇರುವುದು ಮೂರು ಪದರ ಬಟ್ಟೆಯ ಒಳಗೆ, ಬೆನ್ನಿನ ಚೀಲದ ಪಟ್ಟಿಯ ಕೆಳಗೆ. ಕೈಯಲ್ಲಿ ದಪ್ಪನೆಯ ಗವುಸು. ಗವುಸು ಕಳಚಿದರೆ ಮರಗಟ್ಟಿದ ಬೆರಳು. ಗುರಿ ಹಿಡಿಯುವ ಅಭ್ಯಾಸವನ್ನು ಬೇಸಿಗೆಯಲ್ಲಿ ಮೈದಾನದಲ್ಲಿ ನಿಂತು ಮಾಡಿದವನಿಗೆ ಈ ಕಷ್ಟ ತಿಳಿದಿರುವುದಿಲ್ಲ.

ಬಂದೂಕಿಗೆ ಬದಲಾಗಿ ಅಲ್ಲಿ ಬಳಕೆಯಲ್ಲಿರುವುದು ಮೆಣಸಿನಕಾಯಿಯ ಖಾರದ ಸತ್ವ ತುಂಬಿದ ಸ್ಪ್ರೇ ಡಬ್ಬಿ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಅಲಾಸ್ಕದ ಪ್ರಕರಣಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂದು ಕರಡಿಗಳ ವಿಷಯದಲ್ಲಿ ಶೇಕಡಾ 92 ಬಾರಿ ಅದು ಫಲಿಸಿತ್ತು. ಅದೇ ವಿಜ್ಞಾನಿಗಳು 2012ರಲ್ಲಿ ಬಂದೂಕು ಇದ್ದ 269 ಪ್ರಕರಣಗಳನ್ನು ನೋಡಿದರು. ಪಿಸ್ತೂಲು-ರಿವಾಲ್ವರುಗಳು ಶೇಕಡಾ 84, ಉದ್ದ ಬಂದೂಕುಗಳು ಶೇಕಡಾ 76 ಸಂದರ್ಭಗಳಲ್ಲಿ ಕರಡಿಯನ್ನು ತಡೆದಿದ್ದವು. ಆದರೆ ಬಂದೂಕು ಬಳಸಿದವರಿಗೂ, ಬಂದೂಕಿದ್ದೂ ಬಳಸದೆ ಇದ್ದವರಿಗೂ ಆದ ಗಾಯಗಳ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡು ಅಧ್ಯಯನಗಳ ಪ್ರಕರಣಗಳು ಒಂದೇ ಬಗೆಯವಲ್ಲವಾದ್ದರಿಂದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೂಗುವಾಗ ಎಚ್ಚರ ಬೇಕು. ತೀವ್ರ ಚಳಿಯಲ್ಲಿ ಸ್ಪ್ರೇ ಡಬ್ಬಿಯ ಒತ್ತಡವೂ ಕುಗ್ಗುತ್ತದೆ ಎಂಬುದನ್ನು ಮರೆಮಾಚಬಾರದು; ಅದಕ್ಕಾಗಿಯೇ ಅದನ್ನು ಮೈಯ ಬಿಸಿ ತಾಗುವಂತೆ ಕೋಟಿನೊಳಗೆ ಇಟ್ಟುಕೊಳ್ಳುತ್ತಾರೆ.

ನಿಜವಾಗಿ ಕೊಲ್ಲುವುದು ಯಾವುದು?

ಮಿತ್ರರೇ, ಇಷ್ಟೆಲ್ಲ ಪ್ರಾಣಿಗಳ ಮಾತಾಯಿತು. ಆದರೆ ಅಮೆರಿಕದ ಹಿಮಬೆಟ್ಟಗಳಲ್ಲಿ ಚಳಿಗಾಲದ ವಿಹಾರಿಗಳನ್ನು ವರ್ಷವರ್ಷವೂ ಬಲಿ ತೆಗೆದುಕೊಳ್ಳುವುದು ಹಿಮಕುಸಿತ. 2020-21ರ ಒಂದೇ ಚಳಿಗಾಲದಲ್ಲಿ ಆ ದೇಶದಲ್ಲಿ 37 ಮಂದಿ ಹಾಗೆ ಸತ್ತರು. ಅವರಲ್ಲಿ 15 ಮಂದಿ ಸತ್ತದ್ದು ಜನವರಿ ಕೊನೆ-ಫೆಬ್ರುವರಿ ಮೊದಲಿನ ಒಂದೇ ವಾರದಲ್ಲಿ. ಒಂದು ಶತಮಾನದಲ್ಲಿ ಪ್ಯೂಮಾದಿಂದ ಸತ್ತವರಿಗಿಂತ ಒಂದು ಚಳಿಗಾಲದಲ್ಲಿ ಹಿಮದಡಿ ಸತ್ತವರು ಹೆಚ್ಚು.

ಕೂಗಿದರೆ, ಗುಂಡು ಹಾರಿಸಿದರೆ ಹಿಮ ಕುಸಿಯುತ್ತದೆಂದು ಚಲನಚಿತ್ರಗಳಲ್ಲಿ ತೋರಿಸುವುದುಂಟು. ಅದು ನಿಜವಲ್ಲ, ಅಷ್ಟು ಶಬ್ದಕ್ಕೆ ಆ ಬಲವಿಲ್ಲ. ಮೂವತ್ತರಿಂದ ನಲವತ್ತೈದು ಡಿಗ್ರಿ ಇಳಿಜಾರಿನಲ್ಲಿ, ದುರ್ಬಲವಾದ ಪದರದ ಮೇಲೆ ಹೊಸ ಹಿಮ ಕುಳಿತಿರುವಾಗ ಮನುಷ್ಯನ ಭಾರವೇ ಅದನ್ನು ಜಾರಿಸುತ್ತದೆ. ಪ್ರಾಣಹಾನಿಯಾದ ಹತ್ತು ಕುಸಿತಗಳಲ್ಲಿ ಸುಮಾರು ಒಂಬತ್ತನ್ನು ಉಂಟುಮಾಡುವವರು ಸಿಕ್ಕಿಬಿದ್ದವರೇ ಅಥವಾ ಅವರ ಜೊತೆಗಾರರೇ. ಹೂತುಹೋದವರನ್ನು ಹತ್ತು-ಹದಿನೈದು ನಿಮಿಷಗಳೊಳಗೆ ತೆಗೆದರೆ ಬಹುತೇಕರು ಬದುಕುತ್ತಾರೆ; ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿಯುವುದೂ ಕಷ್ಟ. ಹೊರಗಿನ ನೆರವು ಅಷ್ಟರಲ್ಲಿ ಬಂದು ತಲುಪಲಾರದು. ಉಳಿಸಬೇಕಾದವರು ಜೊತೆಯಲ್ಲಿರುವವರೇ. ಅದಕ್ಕಾಗಿ ಪ್ರತಿಯೊಬ್ಬರಲ್ಲೂ ಮೂರು ಸಲಕರಣೆ ಇರಬೇಕು: ಸಂಕೇತ ಕಳುಹಿಸುವ ಮತ್ತು ಹಿಡಿಯುವ ಪುಟ್ಟ ರೇಡಿಯೋ ಯಂತ್ರ, ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕೋಲು, ಅಗೆಯಲು ಸಲಿಕೆ. ಆ ಯಂತ್ರದ ಹತ್ತಿರ ಫೋನನ್ನಾಗಲೀ ಲೋಹದ ವಸ್ತುಗಳನ್ನಾಗಲೀ ಇಡಬಾರದೆಂದು, ಹುಡುಕುವಾಗಲಂತೂ ಅರ್ಧ ಮೀಟರು ದೂರವಿಡಬೇಕೆಂದು ಕಲಿಸುತ್ತಾರೆ. ತೋಟೆ ತುಂಬಿದ ಪಿಸ್ತೂಲು ಸುಮಾರು ಒಂದು ಕಿಲೋ ತೂಗುತ್ತದೆ. ಅದನ್ನು ಕಟ್ಟಿಕೊಂಡು ಸಲಿಕೆಯನ್ನು ಮನೆಯಲ್ಲಿ ಬಿಟ್ಟು ಹೋಗುವವನು ತನ್ನ ಭಯವನ್ನು ತಪ್ಪಾದ ಕಡೆಗೆ ತಿರುಗಿಸಿದ್ದಾನೆ ಎಂದೇ ನನ್ನ ಅಭಿಪ್ರಾಯ.

ಬಂದೂಕು ಬೇಕಾದ ನೆಲವೂ ಇದೆ

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಹಿಮಕರಡಿಗಳಿವೆ. ಗರ್ಭಿಣಿ ಹೆಣ್ಣುಗಳನ್ನು ಬಿಟ್ಟರೆ ಉಳಿದವು ಚಳಿಗಾಲದಲ್ಲಿ ಗವಿ ಸೇರುವುದಿಲ್ಲ. ಅಲ್ಲಿ ವಸತಿಯಿಂದ ಹೊರಗೆ ಹೋಗುವವರು ಕರಡಿಯನ್ನು ಬೆದರಿಸಿ ಓಡಿಸುವ ಸಾಧನವನ್ನು ಒಯ್ಯಲೇಬೇಕು. ಬಂದೂಕನ್ನೂ ಒಯ್ಯಬೇಕೆಂದು ಆಡಳಿತವೇ ಸಲಹೆ ಕೊಡುತ್ತದೆ. ಆದರೆ ಅಲ್ಲಿಯ ಕ್ರಮ ಗಮನಿಸಿ. ಮೊದಲು ದೂರ, ಆಮೇಲೆ ಕಾವಲು, ಅನಂತರ ಬೆದರಿಸುವ ಸಿಡಿಮದ್ದು, ಗುಂಡು ಕಟ್ಟಕಡೆಯದು. 2025ರಿಂದ ಹಿಮಕರಡಿಯಿಂದ ಕನಿಷ್ಠ 300 ಮೀಟರು, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರು ದೂರವಿರಬೇಕೆಂಬುದು ಕಡ್ಡಾಯವಾಗಿದೆ. 2011ರ ಆಗಸ್ಟಿನಲ್ಲಿ ಬ್ರಿಟಿಷ್ ತರುಣರ ಬಿಡಾರಕ್ಕೆ ಕರಡಿ ನುಗ್ಗಿದಾಗ ಸುತ್ತಲೂ ಕಟ್ಟಿದ್ದ ಎಚ್ಚರಿಕೆಯ ತಂತಿ ಕೆಲಸ ಮಾಡಲಿಲ್ಲ. ರೈಫಲ್ ಮೊದಲ ಹಲವು ಯತ್ನಗಳಲ್ಲಿ ಹಾರಲಿಲ್ಲ. ಹದಿನೇಳು ವರ್ಷದ ಹುಡುಗನೊಬ್ಬ ಪ್ರಾಣ ಕಳೆದುಕೊಂಡ. ಬಂದೂಕು ಬೇಕಾದ ನೆಲದಲ್ಲಿಯೂ ಬಂದೂಕೊಂದನ್ನೇ ನಂಬಬಾರದೆಂಬುದಕ್ಕೆ ಇದಕ್ಕಿಂತ ದುಃಖದ ಸಾಕ್ಷಿ ಬೇಕಿಲ್ಲ.

ನಮ್ಮ ಕಾಡು, ನಮ್ಮ ಕೋವಿ

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರ 31ನೆಯ ಕಲಮಿನ ಪ್ರಕಾರ ಲಿಖಿತ ಪೂರ್ವಾನುಮತಿಯಿಲ್ಲದೆ ಯಾರೂ ಆಯುಧದೊಡನೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯ. ಬೆಳೆ ಕಾಯಲು ಪಡೆದ ಪರವಾನಗಿ ಇದಕ್ಕೆ ಸಾಲದು. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲವೆಂದು 11ನೆಯ ಕಲಮು ಹೇಳುತ್ತದೆ, ನಿಜ. ಆದರೆ ಆ ಹೊತ್ತಿನಲ್ಲಿ ಅವನು ಅದೇ ಕಾಯಿದೆಯನ್ನು ಮುರಿಯುತ್ತಿದ್ದರೆ ಆ ರಕ್ಷಣೆ ದೊರೆಯುವುದಿಲ್ಲ. ಕದ್ದು ಕೋವಿ ಒಯ್ದವನು ಪ್ರಾಣ ಉಳಿಸಿಕೊಂಡರೂ ಕಾನೂನಿನ ಆಸರೆ ಕಳೆದುಕೊಳ್ಳುತ್ತಾನೆ.

ಕಾನೂನು ಬಿಡಿ, ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಾಗಿಯ ರಾತ್ರಿ ದೊಡ್ಡಪ್ಪ ಈಡು ತುಂಬಿದ ಕೋವಿ ಹಿಡಿದು ಹಂದಿ ಕಾಯಲು ಗದ್ದೆಗೆ ಹೊರಟರು. ಮುಂದೆ ಅವರ ಪ್ರಾಣಸ್ನೇಹಿತ ಲಾಟೀನು ಹಿಡಿದು ನಡೆಯುತ್ತಿದ್ದರು. ಇಬ್ಬನಿಯಿಂದ ನೆನೆದ ಅಂಚಿನ ಮೇಲೆ ದೊಡ್ಡಪ್ಪನ ಕಾಲು ಜಾರಿತು, ಕೋವಿ ಹಾರಿತು. ಸ್ನೇಹಿತರ ತೊಡೆಗೆ ಚರೆ ತಗುಲಿತು. ಕಂಬಳಿಯಲ್ಲಿ ಹೊತ್ತು ತಂದೆವು. ಅವರು ಬದುಕಿದರು, ಬದುಕಿದ್ದಷ್ಟು ಕಾಲವೂ ಕುಂಟುತ್ತಲೇ ನಡೆದರು. ದೊಡ್ಡಪ್ಪ ಆಮೇಲೆ ಕೋವಿ ಮುಟ್ಟಲಿಲ್ಲ. ಆ ರಾತ್ರಿ ಹಂದಿ ಬಂದಿರಲೇ ಇಲ್ಲ.

ಆದ್ದರಿಂದ ಆ ತರುಣನಿಗೆ ನನ್ನ ಉತ್ತರ ಇಷ್ಟು. ನಿನ್ನ ಅಣ್ಣನಿಗೆ ಫೋನು ಮಾಡಿದಾಗ, ಪಿಸ್ತೂಲಿನ ವಿಚಾರ ಆಮೇಲಿರಲಿ, ಮೊದಲು ಸಲಿಕೆ ಇದೆಯೆ, ಹೊರಡುವ ಮುಂಚೆ ಹಿಮಕುಸಿತದ ಮುನ್ಸೂಚನೆ ಓದುತ್ತಾನೆಯೆ, ಒಂಟಿಯಾಗಿ ಹೋಗುತ್ತಾನೆಯೆ ಎಂದು ಕೇಳು. ನಮ್ಮ ಕಾಡಿಗೆ ನೀನು ಹೊರಡುವಾಗ ಊರಿನ ದಾರಿಬಲ್ಲವರನ್ನು ಮುಂದಿಟ್ಟುಕೋ. ಆನೆ ಎಲ್ಲಿದೆಯೆಂದು ಹಿಂದಿನ ದಿನವೇ ವಿಚಾರಿಸು. ಮಂಜು ಕವಿದಿರುವಾಗ ಹೊರಡಬೇಡ. ಹೊತ್ತು ಮುಳುಗುವ ಮುನ್ನ ಬಿಡಾರ ಸೇರು. ತಿರುವುಗಳಲ್ಲಿ ಮಾತಾಡುತ್ತ ನಡೆ. ಹೆಜ್ಜೆಗುರುತಾಗಲೀ ಹಸಿ ಲದ್ದಿಯಾಗಲೀ ಕಂಡರೆ ಹಿಂದಿರುಗುವುದಕ್ಕೆ ನಾಚಬೇಡ.

ನಾಳೆ ಬೆಳಿಗ್ಗೆ ಆರಕ್ಕೆ ನಮ್ಮ ಕೊನೆಯ ಚಾರಣ ಹೊರಡುತ್ತದೆ. ಮುಂದೆ ನಡೆಯುವವರು ಇದೇ ಊರಿನ ಇಬ್ಬರು ಹಿರಿಯರು. ಅವರು ‘ಸಾಕು, ತಿರುಗೋಣ’ ಎಂದರೆ ಯಾರೂ ಎದುರಾಡಬಾರದೆಂದು ಈಗಲೇ ವಿನಂತಿಸಿ, ನನ್ನ ಮಾತು ಮುಗಿಸುತ್ತೇನೆ.