ಸುಮ್ಮನೆ ನಿಂತ ಟ್ಯಾಂಕು

ವಿಶಾಖಪಟ್ಟಣದ ದ್ವಾರಕಾ ನಗರ ಅಂದ್ರೆ ಊರಿನ ನಟ್ಟನಡುವೆ. ಆರ್‌ಟಿಸಿ ಕಾಂಪ್ಲೆಕ್ಸ್ ಬಸ್ ನಿಲ್ದಾಣ, ಬಟ್ಟೆ ಅಂಗಡಿಗಳು, ಕೋಚಿಂಗ್ ಸೆಂಟರ್‌ಗಳು, ದಿನವಿಡೀ ಜನ. ಇಲ್ಲಿಂದ ಪಶ್ಚಿಮಕ್ಕೆ ಸುಮಾರು ಹತ್ತು ಕಿಲೋಮೀಟರ್ ಹೋದರೆ ಗೋಪಾಲಪಟ್ಟಣಂ ಸಿಗುತ್ತೆ. ಅದರ ಮಗ್ಗುಲಲ್ಲೇ ಆರ್.ಆರ್. ವೆಂಕಟಾಪುರಂ. 2020ರ ಮೇ 7ರ ಬೆಳಗಿನ ಜಾವ, ಮೂರು ಗಂಟೆ ಆಸುಪಾಸಿನಲ್ಲಿ, ಅಲ್ಲಿನ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಎಂ6 ಅನ್ನೋ ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊರಗೆ ನುಗ್ಗಿತು. 12 ಜನ ಸತ್ತರು. ನೂರಾರು ಜನ ಕಿಂಗ್ ಜಾರ್ಜ್ ಆಸ್ಪತ್ರೆ ಮತ್ತು ಬೇರೆ ಆಸ್ಪತ್ರೆಗಳನ್ನು ಸೇರಿದರು. ದನಕರು ಕಟ್ಟಿದಲ್ಲೇ ಬಿದ್ದವು.

ಆ ದಿನದ ವಿಡಿಯೋಗಳನ್ನು ನೀವು ನೋಡಿರಬಹುದು: ಓಡ್ತಾ ಓಡ್ತಾ ಕುಸಿದವರು, ರಸ್ತೆ ಬದಿಯಲ್ಲಿ ಬಿದ್ದ ಸ್ಕೂಟರ್‌ಗಳು. ಅವನ್ನು ಇಲ್ಲಿ ಮತ್ತೆ ತೋರಿಸಲ್ಲ. ನನಗೆ ಬೇಕಾಗಿರೋದು ಒಂದೇ ಪ್ರಶ್ನೆ. ಸ್ಟೈರೀನ್ ತುಂಬಿದ ಪ್ರತಿ ಡ್ರಮ್ಮಿನ ಮೇಲೂ ಬೆಂಕಿಯ ಗುರುತು ಇರುತ್ತೆ, ಇದು ಉರಿಯುವ ದ್ರವ ಅಂತ. ಆದರೆ ಆ ರಾತ್ರಿ ಬೆಂಕಿ ಹೊತ್ತಲೇ ಇಲ್ಲ, ಸ್ಫೋಟವೂ ಆಗಲಿಲ್ಲ. ಮತ್ತೆ ಅಷ್ಟು ಜನ ಹೇಗೆ ಸತ್ತರು?

ಮೊದಲು ಈ ಸ್ಟೈರೀನ್ ಅಂದ್ರೆ ಏನು ಅಂತ ನೋಡೋಣ. ಬಣ್ಣವಿಲ್ಲದ ದ್ರವ, ಸ್ವಲ್ಪ ಸಿಹಿ ವಾಸನೆ. ಹೊಸ ಫೈಬರ್ ಶೀಟಿನ ಹತ್ತಿರ ನಿಂತಾಗ ಮೂಗಿಗೆ ಹೊಡೆಯುತ್ತಲ್ಲ, ಬಹುಮಟ್ಟಿಗೆ ಅದೇ ವಾಸನೆ. ಟಿವಿ ಪೆಟ್ಟಿಗೆಯೊಳಗೆ ಬರೋ ಥರ್ಮಾಕೋಲ್ ಇದರಿಂದಲೇ ಆಗೋದು. ಕುದಿಯೋದು 145 ಡಿಗ್ರಿಯಲ್ಲಿ. ಫ್ಲ್ಯಾಶ್ ಪಾಯಿಂಟ್ 31 ಡಿಗ್ರಿ. ಅಂದ್ರೆ ದ್ರವ 31 ಡಿಗ್ರಿ ಮುಟ್ಟಿದರೆ, ಅದರ ಮೇಲಿನ ಆವಿಗೆ ಒಂದು ಕಿಡಿ ಸಾಕು. ಮೇ ತಿಂಗಳಲ್ಲಿ ವಿಶಾಖಪಟ್ಟಣದ ಹಗಲು ಎಷ್ಟು ಸುಡುತ್ತೆ ಅಂತ ಯೋಚನೆ ಮಾಡಿ. ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಮೇಲಕ್ಕೆ ಹೋಗಿ ಚದುರಲ್ಲ, ನೆಲ ಹಿಡಿದು ತೆವಳುತ್ತೆ, ಚರಂಡಿ, ತಗ್ಗು, ನೆಲಮಾಳಿಗೆ ಹುಡುಕಿಕೊಂಡು ಹೋಗುತ್ತೆ. ದೂರದಲ್ಲೆಲ್ಲೋ ಕಿಡಿ ಸಿಕ್ಕರೆ ಬೆಂಕಿ ಅದೇ ದಾರಿಯಲ್ಲಿ ವಾಪಸ್ ಬರುತ್ತೆ.

ಇಷ್ಟು ಯಾವ ಸುರಕ್ಷತಾ ತರಬೇತಿಯಲ್ಲಾದರೂ ಹೇಳ್ತಾರೆ. ಆಮೇಲಿನದನ್ನು ಅವಸರದಲ್ಲಿ ದಾಟಿಸಿಬಿಡ್ತಾರೆ.

ಸ್ಟೈರೀನ್ ಪೆಟ್ರೋಲ್ ಥರ ಅಲ್ಲ. ಪೆಟ್ರೋಲನ್ನು ಟ್ಯಾಂಕಿನಲ್ಲಿಟ್ಟರೆ ಅದು ಪೆಟ್ರೋಲಾಗೇ ಇರುತ್ತೆ. ಸ್ಟೈರೀನ್ ಹಾಗಲ್ಲ, ಅದಕ್ಕೆ ತನ್ನಷ್ಟಕ್ಕೆ ತಾನೇ ಪ್ಲಾಸ್ಟಿಕ್ ಆಗಿಬಿಡೋ ಚಪಲ. ಒಂದು ಅಣು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಕೊಂಡಿ ಹಾಕ್ಕೊಂಡು ಉದ್ದನೆ ಸರಪಳಿ ಆಗುತ್ತೆ. ಪ್ರತಿ ಕೊಂಡಿ ಬಿದ್ದಾಗಲೂ ಒಂದಿಷ್ಟು ಶಾಖ. ಒಂದು ಕಿಲೋ ಸ್ಟೈರೀನ್ ಪೂರ್ತಿ ಪಾಲಿಮರ್ ಆದರೆ ಬಿಡುಗಡೆಯಾಗೋ ಶಾಖ ಸುಮಾರು 670 ಕಿಲೋಜೂಲ್. ಎರಡು ಲೀಟರ್ ತಣ್ಣೀರನ್ನು ಕುದಿಯೋ ಹಂತಕ್ಕೆ ತರೋಕೆ ಹೆಚ್ಚುಕಡಿಮೆ ಅಷ್ಟೇ ಬೇಕು. ಎಂ6 ಟ್ಯಾಂಕಿನಲ್ಲಿ ಇದ್ದದ್ದು 1,800 ಟನ್‌ಗೂ ಹೆಚ್ಚು.

ಹಸಿ ಹುಲ್ಲಿನ ಬಣವೆ ಒಟ್ಟಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಹೊರಗಿನಿಂದ ತಣ್ಣಗಿರುತ್ತೆ, ಒಳಗೆ ಕೈ ತೂರಿಸಿದರೆ ಸುಡುತ್ತೆ. ಶಾಖ ಹೊರಗೆ ಹೋಗೋಕೆ ದಾರಿ ಇಲ್ಲದೆ ಒಳಗೇ ಕೂತು, ಕ್ರಿಯೆಯನ್ನು ಇನ್ನಷ್ಟು ಚುರುಕು ಮಾಡುತ್ತೆ, ಅದರಿಂದ ಮತ್ತಷ್ಟು ಶಾಖ. ಟ್ಯಾಂಕು ದೊಡ್ಡದಾದಷ್ಟೂ ಈ ಅಪಾಯ ಜಾಸ್ತಿ. ಸುಮಾರು 65 ಡಿಗ್ರಿ ದಾಟಿತು ಅಂದ್ರೆ ಹಿಡಿದು ನಿಲ್ಲಿಸೋದು ಬಹಳ ಕಷ್ಟ. ರನ್‌ಅವೇ ಅಂತಾರೆ ಕಾರ್ಖಾನೆಯವರು.

ಹಾಗಾಗದಂತೆ ನೋಡಿಕೊಳ್ಳೋಕೆ ಟಿಬಿಸಿ ಅನ್ನೋ ಇನ್ಹಿಬಿಟರ್ ಬೆರೆಸ್ತಾರೆ. ಪೂರ್ತಿ ಹೆಸರು ಟರ್ಷರಿ ಬ್ಯೂಟೈಲ್ ಕ್ಯಾಟಿಕಾಲ್. ಪ್ರಮಾಣ ಹತ್ತು ಲಕ್ಷಕ್ಕೆ ಹತ್ತು–ಹದಿನೈದು ಭಾಗ, ಅಷ್ಟೇ. ಅದು ಕ್ರಿಯೆ ಶುರುವಾಗುವಾಗಲೇ ತಡೆಯುತ್ತೆ, ತಡೀತಾ ತಡೀತಾ ತಾನೂ ಖರ್ಚಾಗ್ತಾ ಹೋಗುತ್ತೆ. ಬಿಸಿ ಹೆಚ್ಚಿದರೆ ಬೇಗ ಖರ್ಚಾಗುತ್ತೆ. ಆದ್ದರಿಂದ ಆಗಾಗ ಅಳೆದು, ಕಮ್ಮಿ ಬಿದ್ದರೆ ಸೇರಿಸ್ತಾ ಇರಬೇಕು.

ಈ ಟಿಬಿಸಿಯ ಎರಡು ಗುಣ ನೆನಪಿಟ್ಟುಕೊಳ್ಳಿ. ಒಂದು, ದ್ರವದಲ್ಲಿ ಕರಗಿದ ಆಕ್ಸಿಜನ್ ಇಲ್ಲದಿದ್ದರೆ ಅದು ಕೆಲಸವೇ ಮಾಡಲ್ಲ. ಉರಿಯುವ ದ್ರವದ ಟ್ಯಾಂಕು ಅಂದ ಕೂಡಲೇ, ಮೇಲೆ ನೈಟ್ರೋಜನ್ ತುಂಬಿ ಗಾಳಿಯನ್ನೆಲ್ಲ ಓಡಿಸಿ, ಬೆಂಕಿ ಬರಲ್ಲ ಅಂತ ಹೇಳೋರು ಇದ್ದಾರೆ. ಬೇರೆ ಎಷ್ಟೋ ದ್ರವಗಳಿಗೆ ಅದು ಸರಿ. ಸ್ಟೈರೀನ್‌ಗೆ ಆಕ್ಸಿಜನ್ ಪೂರ್ತಿ ತೆಗೆದುಬಿಟ್ಟರೆ ಬೆಂಕಿಯಿಂದ ಕಾಪಾಡಿ ಬಣವೆಯ ಕೈಗೆ ಕೊಟ್ಟ ಹಾಗೆ. ಎರಡು, ಟಿಬಿಸಿ ಆವಿಯಾಗಿ ಮೇಲೆ ಹೋಗಲ್ಲ. ಆವಿಯಾದ ಸ್ಟೈರೀನ್ ಟ್ಯಾಂಕಿನ ಮಾಡಿಗೆ ತಾಗಿ ಹನಿಯಾದರೆ ಆ ಹನಿಗೆ ಕಾವಲೇ ಇಲ್ಲ. ಅದು ಅಲ್ಲೇ ಗಟ್ಟಿಯಾಗಿ, ಜೋತುಬಿದ್ದು, ಉಸಿರು ಬಿಡೋ ವೆಂಟ್‌ಗಳನ್ನೇ ಮುಚ್ಚಿಬಿಡಬಹುದು. ಮೇಲೆ ಹತ್ತಿ ವೆಂಟ್ ಬಿಚ್ಚಿ ನೋಡೋ ಕೆಲಸ ಯಾರಿಗೂ ಇಷ್ಟ ಇರಲ್ಲ. ಆದರೂ ಮಾಡಲೇಬೇಕು.

ಈಗ ವೆಂಕಟಾಪುರಂಗೆ ಬರೋಣ. ಈ ಕಾರ್ಖಾನೆ ಹುಟ್ಟಿದ್ದು 1961ರಲ್ಲಿ, ಹಿಂದೂಸ್ತಾನ್ ಪಾಲಿಮರ್ಸ್ ಅನ್ನೋ ಹೆಸರಲ್ಲಿ. 1978ರಲ್ಲಿ ನಮ್ಮ ಬೆಂಗಳೂರಿನ ಯುಬಿ ಗ್ರೂಪ್‌ನ ಮೆಕ್‌ಡೊವೆಲ್ ಕಂಪನಿಯ ಜೊತೆ ಸೇರಿತು. 1997ರಲ್ಲಿ ದಕ್ಷಿಣ ಕೊರಿಯಾದ ಎಲ್‌ಜಿ ಕೆಮ್ ಕೊಂಡುಕೊಂಡಿತು. ಅಷ್ಟರಲ್ಲಿ ಊರು ಬೆಳೆದು ಕಾಂಪೌಂಡಿನವರೆಗೂ ಬಂದಿತ್ತು.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್. ಯಂತ್ರಗಳು ನಿಂತವು, ಟ್ಯಾಂಕು ತುಂಬಿಕೊಂಡೇ ಉಳಿಯಿತು. ಕಾರ್ಖಾನೆ ನಿಂತಿದೆ ಅಂದ್ರೆ ಅಪಾಯವೂ ನಿಂತಿದೆ ಅನ್ನೋ ಭಾವನೆ ಎಲ್ಲರಿಗೂ ಬರುತ್ತೆ. ಸ್ಟೈರೀನ್ ವಿಷಯದಲ್ಲಿ ಇದು ಉಲ್ಟಾ. ಕೆಲಸ ನಡೀತಿದ್ದಾಗ ಟ್ಯಾಂಕು ಖಾಲಿಯಾಗ್ತಾ, ಹೊಸ ಸರಕು ಬರ್ತಾ ಇರುತ್ತೆ. ನಿಂತಾಗ ಹಳೇ ಸರಕು ಕೂತಲ್ಲೇ ಕೂತು, ಇನ್ಹಿಬಿಟರ್ ಸವೀತಾ ಹೋಗುತ್ತೆ.

ಆಂಧ್ರ ಸರ್ಕಾರ ಹಿರಿಯ ಐಎಎಸ್ ಅಧಿಕಾರಿ ನೀರಭ್ ಕುಮಾರ್ ಪ್ರಸಾದ್ ಅವರ ನೇತೃತ್ವದಲ್ಲಿ ಉನ್ನತಾಧಿಕಾರ ಸಮಿತಿ ಮಾಡಿತು. ಅದರ ವರದಿ ಬಂದದ್ದು ಜುಲೈನಲ್ಲಿ. ಅದರಲ್ಲಿ ಬರೋ ಸಂಗತಿಗಳು ಹೀಗಿವೆ. ಟ್ಯಾಂಕು ಹಳೇದು. ಉಷ್ಣತೆ ಅಳೆಯೋ ಮಾಪಕ ಇದ್ದದ್ದು ತಳದಲ್ಲಿ ಮಾತ್ರ. ನಡುವಿನ, ಮೇಲಿನ ಪದರ ಎಷ್ಟು ಬಿಸಿಯಾಗಿದೆ ಅಂತ ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಗೊತ್ತಾಗೋ ಹಾಗೇ ಇರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಪೈಪಿನಲ್ಲಿ ಒಂದು ಬದಲಾವಣೆ ಮಾಡಿದ್ದರು, ಅದರಿಂದ ಮೇಲಿನ ದ್ರವ ಕೆಳಗಿನದರ ಜೊತೆ ಸರಿಯಾಗಿ ಬೆರೆಯೋದು ನಿಂತಿತ್ತು. ತಂಪು ಮಾಡೋ ವ್ಯವಸ್ಥೆ ಸಾಕಾಗ್ತಿರಲಿಲ್ಲ. ಟಿಬಿಸಿ ದಾಸ್ತಾನೂ ಸಾಕಷ್ಟು ಇರಲಿಲ್ಲ. ಟಿಬಿಸಿ ಎಷ್ಟು ಉಳಿದಿದೆ ಅಂತ ನೋಡೋ ಬದಲು, ಪಾಲಿಮರ್ ಎಷ್ಟಾಗಿದೆ ಅನ್ನೋದನ್ನೇ ನೆಚ್ಚಿಕೊಂಡಿದ್ದರು. ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಇದು. ಪಾಲಿಮರ್ ಹೆಚ್ಚಾಗಿದೆ ಅಂತ ತಿಳಿಯೋ ಹೊತ್ತಿಗೆ ಕಾವಲುಗಾರ ಮನೆಗೆ ಹೋಗಿ ಎಷ್ಟೋ ಹೊತ್ತಾಗಿರುತ್ತೆ.

ಇನ್ನೊಂದು ಸಂಗತಿ ಓದಿದಾಗ ನನಗೆ ಸಿಟ್ಟೇ ಬಂತು. ಕಾರ್ಖಾನೆಯಲ್ಲಿ 36 ಕಡೆ ಸೈರನ್ ಒತ್ತೋ ವ್ಯವಸ್ಥೆ ಇತ್ತು, ಗೇಟಿನ ಹತ್ತಿರವೂ ಇತ್ತು. ಒಂದೂ ಕೂಗಲಿಲ್ಲ. ಊರಿಗೆ ಎಚ್ಚರ ಆದದ್ದು ಕೆಮ್ಮಿನಿಂದ.

ಕೊನೆಗೆ ಗುಜರಾತಿನ ವಾಪಿಯಿಂದ ಸುಮಾರು 500 ಕಿಲೋ ಟಿಬಿಸಿಯನ್ನು ವಿಮಾನದಲ್ಲಿ ತರಿಸಿ ಟ್ಯಾಂಕಿಗೆ ಹಾಕಿದರು. ದೇಶದ ಈ ತುದಿಯಲ್ಲಿ ಜನ ಆಸ್ಪತ್ರೆಯಲ್ಲಿ, ಮದ್ದು ಇನ್ನೊಂದು ತುದಿಯಲ್ಲಿ. ಬೇರೆ ಟ್ಯಾಂಕುಗಳಲ್ಲಿದ್ದ ಸುಮಾರು 13,000 ಟನ್ ಸ್ಟೈರೀನನ್ನು ಹಡಗಿನಲ್ಲಿ ದಕ್ಷಿಣ ಕೊರಿಯಾಕ್ಕೆ ವಾಪಸ್ ಕಳಿಸಿದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರುದಿನವೇ ತಾನಾಗಿ ಪ್ರಕರಣ ಎತ್ತಿಕೊಂಡು, 50 ಕೋಟಿ ರೂಪಾಯಿ ಠೇವಣಿ ಇಡಿ ಅಂತ ಕಂಪನಿಗೆ ಹೇಳಿತು. ಜುಲೈನಲ್ಲಿ ಕಂಪನಿಯ ಮುಖ್ಯಸ್ಥರೂ ಸೇರಿ 12 ಜನರ ಬಂಧನ ಆಯಿತು. ಪರಿಸರ ಅನುಮತಿ ಇಲ್ಲದೆ ಕೆಲಸ ನಡೆಸ್ತಿದ್ದೇವೆ ಅಂತ ಕಂಪನಿಯೇ 2019ರ ಮೇನಲ್ಲಿ ಅಫಿಡವಿಟ್‌ನಲ್ಲಿ ಒಪ್ಪಿಕೊಂಡಿತ್ತು ಅನ್ನೋದು ಆಮೇಲೆ ಹೊರಬಿತ್ತು.

ಈಗ ಮೊದಲ ಪ್ರಶ್ನೆ. ಬೆಂಕಿ ಇಲ್ಲದೆ ಜನ ಹೇಗೆ ಸತ್ತರು? ಇದಕ್ಕೆ ನಾಲ್ಕು ಸಂಖ್ಯೆ ಸಾಕು. ನಮ್ಮ ಮೂಗಿಗೆ ಸ್ಟೈರೀನ್ ವಾಸನೆ ಹತ್ತೋದು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತಲೂ ಎಷ್ಟೋ ಕಡಿಮೆ ಇದ್ದಾಗಲೇ. ಅಮೆರಿಕದಲ್ಲಿ ಕೆಲಸಗಾರರಿಗೆ ಎಂಟು ಗಂಟೆಯ ಸರಾಸರಿ ಮಿತಿ 100. ಜೀವಕ್ಕೆ ತಕ್ಷಣ ಅಪಾಯ ಅಂತ ಹೇಳೋ ಮಟ್ಟ 700. ಆವಿ ಹೊತ್ತಿಕೊಳ್ಳಬೇಕಾದರೆ ಕನಿಷ್ಠ ಬೇಕಾದದ್ದು ಸುಮಾರು 10,000, ಅಂದ್ರೆ ಶೇಕಡಾ ಒಂದು. ನೋಡಿ, ಬೆಂಕಿಗೆ ಬೇಕಾದ ಪ್ರಮಾಣ ತಲುಪೋಕೆ ಎಷ್ಟೋ ಮೊದಲೇ ಅದು ಉಸಿರಿಗೆ ಕೈ ಹಾಕಿರುತ್ತೆ.

ಕಾರ್ಖಾನೆಯಲ್ಲಿ ಕೆಲಸ ಮಾಡೋರು ಇಲ್ಲಿ ಸ್ವಲ್ಪ ಗಮನ ಕೊಡಿ. ನಿಮ್ಮ ಸೊಂಟದಲ್ಲಿ ಎಲ್‌ಇಎಲ್ ಮೀಟರ್ ಇರುತ್ತಲ್ಲ, ಅದು ಸಾಮಾನ್ಯವಾಗಿ ಶೇಕಡಾ 10ಕ್ಕೆ ಕೂಗುತ್ತೆ. ಯಾವುದರ ಶೇಕಡಾ 10? ಹೊತ್ತಿಕೊಳ್ಳೋ ಕನಿಷ್ಠ ಪ್ರಮಾಣದ್ದು. ಸ್ಟೈರೀನ್ ಲೆಕ್ಕದಲ್ಲಿ ಅದು ಸುಮಾರು 1,000. ಅಂದ್ರೆ ಮೀಟರ್ ಬಾಯಿ ಬಿಡುವ ಮೊದಲೇ ನೀವು 700ರ ಗೆರೆ ದಾಟಿರ್ತೀರಿ. ಆ ಮೀಟರ್ ಬೆಂಕಿಗೆ ಮಾತ್ರ. ಉಸಿರಿಗೆ ಬೇರೆ ಮೀಟರ್ ಕೇಳಿ ಪಡೆಯಿರಿ. ಮೂಗನ್ನೂ ನಂಬಬೇಡಿ, ಸ್ವಲ್ಪ ಹೊತ್ತಿಗೆ ಅದು ಈ ವಾಸನೆಗೆ ಒಗ್ಗಿಹೋಗುತ್ತೆ.

ಅಂಥ ಆವಿ ಊರಿಗೆ ಬಂದರೆ ಏನು ಮಾಡೋದು? ಗಾಳಿ ಬೀಸೋ ದಿಕ್ಕಿನಲ್ಲೇ ಓಡಿದರೆ ಆವಿ ನಿಮ್ಮ ಜೊತೆಗೇ ಬರುತ್ತೆ. ಗಾಳಿಗೆ ಅಡ್ಡಡ್ಡ ಹೋಗಿ, ಎತ್ತರದ ಕಡೆ ಹೋಗಿ. ಹೊರಗೆ ಕಾಲಿಡೋಕೆ ಆಗದಿದ್ದರೆ ಕಿಟಕಿ ಬಾಗಿಲು ಮುಚ್ಚಿ ಮೇಲಿನ ಮಹಡಿಗೆ. ಲೈಟಿನ ಸ್ವಿಚ್, ಗ್ಯಾಸ್ ಒಲೆ, ಗಾಡಿ, ಯಾವುದನ್ನೂ ಮುಟ್ಟಬೇಡಿ. ಆ ದಿನ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ ಅಂತ ಹೇಳಿದ್ದರು. ಅಮೋನಿಯಾಗೆ ಅದು ಉಪಯೋಗ, ಯಾಕಂದ್ರೆ ಅಮೋನಿಯಾ ನೀರಲ್ಲಿ ಕರಗುತ್ತೆ. ಸ್ಟೈರೀನ್ ಹೆಚ್ಚು ಕರಗಲ್ಲ. ಬಟ್ಟೆ ಕಟ್ಟಿದೀನಿ ಅನ್ನೋ ಧೈರ್ಯದಲ್ಲಿ ಅಲ್ಲೇ ನಿಲ್ಲಬೇಡಿ.

ಕಾನೂನು ಇಲ್ಲ ಅಂತೇನಿಲ್ಲ. ಭೋಪಾಲ್ ಆದ ಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಹೊಸ ಅಧ್ಯಾಯವನ್ನೇ ಸೇರಿಸಿದರು. ಒಳಗೆ ಏನಿದೆ, ಅಪಾಯ ಏನು ಅಂತ ಸುತ್ತಲಿನ ಜನಕ್ಕೆ ತಿಳಿಸಬೇಕು ಅಂತ ಅದರಲ್ಲಿತ್ತು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಪ್ರಕಾರ, ದೊಡ್ಡ ದಾಸ್ತಾನು ಇರೋ ಕಡೆ ಕಾಂಪೌಂಡಿನ ಹೊರಗಿನ ಜನರಿಗೂ ತುರ್ತು ಯೋಜನೆ ಇರಲೇಬೇಕು. ನಿಮ್ಮ ಊರಿನ ಪಕ್ಕ ಅಂಥ ಕಾರ್ಖಾನೆ ಇದ್ದರೆ, ಸೈರನ್ ಹೇಗೆ ಕೂಗುತ್ತೆ, ಯಾವ ಕಡೆ ಹೋಗಬೇಕು ಅಂತ ಪಂಚಾಯಿತಿ ಸಭೆಯಲ್ಲಿ ಕೇಳಿ. ಕೇಳಿದ್ದಕ್ಕೆ ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಇದೆಲ್ಲ ವಿಶಾಖಪಟ್ಟಣದ ಕಥೆ, ನಮಗೇನು ಅಂತೀರಾ? ಪೀಣ್ಯದಲ್ಲಿ ಫೈಬರ್ ಕೆಲಸ ಮಾಡೋ ಶೆಡ್ಡುಗಳಿಗೆ ಹೋಗಿ, ಮಲ್ಪೆಯಲ್ಲಿ ದೋಣಿಗೆ ಫೈಬರ್ ಹೊದಿಸೋ ಕಡೆ ಹೋಗಿ. ಅಲ್ಲಿ ಬಳಸೋ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸಾಮಾನ್ಯವಾಗಿ ಮೂರರಲ್ಲೊಂದು ಪಾಲಿಗಿಂತ ಕಡಿಮೆ ಇಲ್ಲದಷ್ಟು ಸ್ಟೈರೀನೇ ಇರುತ್ತೆ. ಟನ್‌ಗಟ್ಟಲೆ ಅಲ್ಲ, ಡ್ರಮ್ಮಿನ ಲೆಕ್ಕ. ಆದರೆ ಗುಣ ಅದೇ.

ಅಲ್ಲಿ ದುಡಿಯೋರಿಗೆ ನಾಲ್ಕು ಮಾತು. ರೆಸಿನ್ ಗಟ್ಟಿಯಾಗಲಿ ಅಂತ ಬೆರೆಸೋ ಕೋಬಾಲ್ಟನ್ನೂ ಎಂಇಕೆಪಿ ಕ್ಯಾಟಲಿಸ್ಟನ್ನೂ ನೇರವಾಗಿ ಒಂದಕ್ಕೊಂದು ಯಾವತ್ತೂ ತಾಗಿಸಬೇಡಿ, ಸಿಡಿಯುತ್ತೆ. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಒಂದೇ ಅಳತೆ ಲೋಟವನ್ನು ಎರಡಕ್ಕೂ ಬಳಸೋದು ಬಿಡಿ. ಕಲಸಿದ ರೆಸಿನ್ ಮಗ್ಗಿನಲ್ಲಿ ಮಿಕ್ಕಿದರೆ ಕಸದ ಡಬ್ಬಿಗೆ ಎಸೆಯಬೇಡಿ. ಅದು ತಾನೇ ಕಾದು ಹೊಗೆಯಾಡಿ ಪಕ್ಕದ ಮ್ಯಾಟಿಗೂ ಕಾಗದಕ್ಕೂ ಬೆಂಕಿ ಹಚ್ಚುತ್ತೆ. ಹೊರಗೆ ತಗಡಿನ ಮೇಲೆ ತೆಳ್ಳಗೆ ಹರಡಿ ಬಿಡಿ. ಬ್ರಷ್ ತೊಳೆಯೋ ಅಸಿಟೋನ್ ಸ್ಟೈರೀನ್‌ಗಿಂತ ಬೇಗ ಹೊತ್ತಿಕೊಳ್ಳುತ್ತೆ, ಅದರ ಡಬ್ಬಿಗೆ ಸದಾ ಮುಚ್ಚಳ ಇರಲಿ. ಆವಿ ಭಾರ ಇರೋದ್ರಿಂದ ಮಾಡಿನ ಹತ್ತಿರದ ಎಕ್ಸಾಸ್ಟ್ ಫ್ಯಾನ್ ಮಾತ್ರ ಸಾಲದು, ನೆಲದ ಮಟ್ಟದಲ್ಲೂ ಗಾಳಿ ಹೊರಗೆ ಹೋಗಬೇಕು, ಫ್ಯಾನ್ ಕಿಡಿ ಹಾರಿಸದ ಫ್ಲೇಮ್‌ಪ್ರೂಫ್ ಆಗಿರಬೇಕು. ಧೂಳಿಗೆ ಹಾಕೋ ಬಟ್ಟೆ ಮಾಸ್ಕ್ ಇದಕ್ಕೆ ಆಗಲ್ಲ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋದೇ ಬೇಕು. ಡ್ರಮ್ಮಿನಿಂದ ಡ್ರಮ್ಮಿಗೆ ಸುರಿಯುವಾಗ ಎರಡಕ್ಕೂ ಅರ್ತಿಂಗ್ ಕ್ಲಿಪ್ ಹಾಕಿ.

ಡ್ರಮ್ಮನ್ನು ಬಿಸಿಲಲ್ಲಿ ಇಡಬೇಡಿ, ತಂದ ತಾರೀಕು ಮೇಲೆ ಬರೆದಿಡಿ, ಹಳೇದು ಮೊದಲು ಖರ್ಚಾಗಲಿ. ಹಬ್ಬಕ್ಕೆ ವಾರಗಟ್ಟಲೆ ಶೆಡ್ ಮುಚ್ಚೋದಿದ್ದರೆ, ದಿನಕ್ಕೊಮ್ಮೆ ಯಾರಾದರೂ ಬಂದು ಡ್ರಮ್ಮು ಮುಟ್ಟಿ ನೋಡೋ ಏರ್ಪಾಟು ಮಾಡಿ. ಕೈಗೆ ಬೆಚ್ಚಗೆ ಹತ್ತಿದರೆ, ಅಥವಾ ಹೊಟ್ಟೆ ಉಬ್ಬಿದ್ದರೆ, ಮುಚ್ಚಳ ತಿರುಗಿಸೋಕೆ ಹೋಗಬೇಡಿ. ಎಲ್ಲರನ್ನೂ ಕರ್ಕೊಂಡು ಹೊರಗೆ ಬನ್ನಿ, ದೂರ ಹೋಗಿ, 101ಕ್ಕೋ 112ಕ್ಕೋ ಫೋನ್ ಮಾಡಿ. ಒಳಗಿರೋದು ರೆಸಿನ್, ಅದರಲ್ಲಿ ಸ್ಟೈರೀನ್ ಇದೆ ಅಂತ ಮೊದಲೇ ಹೇಳಿ. ಬರೋರು ಫೋಮ್ ತರಬೇಕಾಗುತ್ತೆ.